ಬ್ರೇಕಿನಡಿ ನಿಂಬೆಹಣ್ಣು, ರೇಡಿಯೋದಲ್ಲಿ ವಿರಹ

ಭಾನುವಾರ ಸಂಜೆ ನಾಲ್ಕೂ ನಲವತ್ತಕ್ಕೆ ಒಂದು ನಿಂಬೆಹಣ್ಣು ಉರುಳಿತು. ನನ್ನ ನಿದ್ದೆ ಕೆಟ್ಟದ್ದು ಅಲ್ಲಿಂದ.

ಕಂಪನಿಯ ಹೆಸರಿಗೆ ಡಾಟ್ ಕಾಮ್ ಎಂಬ ಬಾಲವಿದ್ದರೆ ಸಾಕು, ಎಲ್ಲರೂ ಹೊಸ ಕಾರು ಕೊಳ್ಳುತ್ತಿದ್ದ ಕಾಲ. ನಮ್ಮವರೂ ಕೊಂಡರು. ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಚಕ್ರಕ್ಕೊಂದರಂತೆ ನಿಂಬೆಹಣ್ಣು ಅಪ್ಪಚ್ಚಿ ಮಾಡಿದ್ದಾಯಿತು. ಉಳಿದ ಒಂದನ್ನು ಇವರು ಭಕ್ತಿಯಿಂದ ಸ್ಟೀರಿಂಗಿನ ಮುಂದೆ ಇಟ್ಟರು.

"ಬೀಳತ್ತೆ ರೀ."

"ದೇವರ ಪ್ರಸಾದ ಕಣೇ, ಎಲ್ಲಿಗೆ ಹೋಗತ್ತೆ?"

ಸಮುದ್ರ ನೋಡಿ ಮರಳುತ್ತಾ ಲಾಸ್ ಗ್ಯಾಟೋಸ್ ಊರಿನ ಕಡೆಗೆ ಬೆಟ್ಟ ಇಳಿಯುವಾಗ ಅದು ನೇರವಾಗಿ ಬ್ರೇಕಿನಡಿಗೆ ಹೋಯಿತು. ಇವರು ತುಳಿಯುತ್ತಾರೆ, ಬ್ರೇಕು ಇಳಿಯುವುದಿಲ್ಲ. ತಡೆಬೇಲಿಗೆ ಉಜ್ಜಿಕೊಂಡು ಕಾರು ನಿಂತಾಗ ನನ್ನ ಕಿಟಕಿಯ ಕೆಳಗೆ ಮರಗಳ ತುದಿ ಕಂಡಿತು. ಇವರು ಸ್ಟೀರಿಂಗಿಗೆ ತಲೆಯಾನಿಸಿ ಅಲುಗದೆ ಕೂತಿದ್ದರು. ಹೋದರು ಎಂದೇ ಅಂದುಕೊಂಡೆ. ರೇಡಿಯೋದಲ್ಲಿ ಮಾತ್ರ ಹಳ್ಳಿಗಾಡಿನ ಧಾಟಿಯ ಹಳೆಯ ಇಂಗ್ಲಿಷ್ ಕಂಟ್ರಿ ಹಾಡೊಂದು ನಡೆದೇ ಇತ್ತು: ಹೋದ ಹೆಂಡತಿಗಾಗಿ ಒಬ್ಬ ಕಾಫಿಯ ಎರಡನೇ ಲೋಟ ಇಟ್ಟು ಕಾಯುತ್ತಿದ್ದಾನೆ.

"ಹಣ್ಣು ಎಲ್ಲೇ?" ಎಂದರು ಇವರು, ತಲೆಯೆತ್ತಿ.

ಆಮೇಲೆ ಕಣ್ಣು ಮುಚ್ಚಿದರೆ ಅದೇ ತಿರುವು. ಎದ್ದು ಇವರ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೆ. ಗೊರಕೆ ಕೇಳುತ್ತಿದ್ದರೂ ಉಸಿರಿದೆಯೇ ಎಂದು ಪರೀಕ್ಷಿಸುವ ನಾನು ಎಂಜಿನಿಯರಿಂಗ್ ಪದವೀಧರೆ. ಕೈಗೆಟುಕುವಷ್ಟು ಹತ್ತಿರ ಮಲಗಿದವರಿಗಾಗಿ, ದೂರದೇಶಕ್ಕೆ ಹೋದವರಿಗಾಗಿ ಎಂಬಂತೆ ಹಂಬಲಿಸುತ್ತಿದ್ದೆ.

ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯ ಅಜ್ಜಿ ಡಾಟಿ, ಕಂಟ್ರಿ ಹಾಡುಗಳ ತವರಾದ ಟೆನೆಸ್ಸಿಯವರು. ನಾನು ಬಟ್ಟೆ ಮಡಿಸುತ್ತಾ ಗುನುಗಿದ ಧಾಟಿಯನ್ನು ಕೂಡಲೇ ಗುರುತಿಸಿದರು.

"ಆ ಹಾಡು ಬರೆದವನ ಹೆಂಡತಿ ಎಲ್ಲಿಗೂ ಹೋಗಿರಲಿಲ್ಲ," ಎಂದರು. "ಕಾಯಿಲೆಯಲ್ಲಿ ಸತ್ತು ಬದುಕಿದಳು. ಅವಳು ಮನೆಗೆ ಬಂದು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದಾಗ ಅವನು ಬರೆದದ್ದಂತೆ."

"ಮತ್ತೆ ಆ ಅಳು ಯಾಕೆ?"

"ಹೋಗಿಬಿಡಬಹುದಿತ್ತಲ್ಲ, ಮಗು."

ಕಣ್ಣೆದುರಿಗೆ ಇರುವವರಿಗಾಗಿ ಹಂಬಲಿಸುವುದೂ ಒಂದು ವಿರಹವೇ ಎಂದು ನಮ್ಮ ಹಳೆಯ ರಸಶಾಸ್ತ್ರದವರು ಒಪ್ಪಿದ್ದಾರೆ. ಓದಿದಾಗ ನಕ್ಕಿದ್ದೆ, ಗಂಡ ಪಕ್ಕದಲ್ಲೇ ಇದ್ದರೆ ಜಗಳಕ್ಕೇ ಪುರಸೊತ್ತಿಲ್ಲ, ವಿರಹಕ್ಕೆಲ್ಲಿ? ಈಗ ನಗು ಬರಲಿಲ್ಲ. ಡಾಟಿ ಹೇಳಿದ್ದನ್ನು ರಾತ್ರಿ ಇವರಿಗೂ ಹೇಳಿದೆ, ಮೂಗಿನ ಬಳಿಯ ಬೆರಳಿನ ವಿಷಯವನ್ನೂ ಸೇರಿಸಿ. ಇವರು ನನ್ನ ಕೈ ಹಿಡಿದು ತಮ್ಮ ಎದೆಯ ಮೇಲಿಟ್ಟುಕೊಂಡು ಮಲಗಿದರು, "ಸುಮ್ನೆ ಇಲ್ಲೇ ಚೆಕ್ ಮಾಡ್ಕೋ, ಮೂಗು ಬೇಡ."

ಮರುದಿನ ಯುಗಾದಿ. ಎಚ್ಚರವಾದಾಗ ಕಿಟಕಿಯ ತುಂಬ ಬಿಸಿಲು. ಮೇಜಿನ ಮೇಲೆ ನನ್ನ ಕಾಫಿ ಲೋಟ, ಎದುರಿಗೆ ಇವರು.

"ಆರಿ ಹೋಯ್ತಲ್ಲೇ," ಎಂದರು.

ಬಿಸಿ ಮಾಡಲು ಹೋಗದೆ ಹಾಗೆಯೇ ಕುಡಿದೆ.