ಭಂಡಾರ ಹಚ್ಚಿದ ಗಾಡಿ

ಕಾಕಾ ಅವರ ಎಡಗೈ ತೋರುಬೆರಳಿಗೆ ತುದಿಯಿರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ನುಣ್ಣಗಿನ ಒಂದು ಗಂಟು, ಅದರ ಸುತ್ತ ಯಾವ ಸಾಬೂನಿಗೂ ಬಗ್ಗದ ಕರಿ. ಎಂದೋ ಜೀಪಿನ ಫ್ಯಾನು ತಿಂದದ್ದಂತೆ. ಗಾಡಿ ಬಂದರೆ ಆ ಮೊಂಡು ಬೆರಳಿನ ಕೈಯನ್ನೇ ಬಾನೆಟ್ಟಿನ ಮೇಲೆ ಚಾಚಿ, ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮಾತೆಲ್ಲ ಆಮೇಲೆ.

ಅವರು ನನ್ನಪ್ಪನ ಹಳೆಯ ಜೀಪು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಬದಿಗೆ ಅವರ ತಗಡಿನ ಗ್ಯಾರೇಜು. ಅಪ್ಪ ತೀರಿಕೊಂಡ ಮೇಲೆ ಜೀಪು ನನ್ನ ಪಾಲಿಗೆ ಬಂತು, ಅದರ ಜೊತೆ ಕಾಕಾ ಕೂಡ. ನಾನು ಅಕ್ಕಲಕೋಟೆಯಾಚೆಯ ಕರಜಗಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ರಜೆ ಸಿಕ್ಕರೆ ಅವರ ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಕೂರುವ ಚಟ ನನಗೆ.

“ಬಾಯಾರ, ನೀವು ಸಾಲಿ ಬಿಟ್ಟು ಪಾನಾ-ಸ್ಪ್ಯಾನರ್ ಹಿಡದಿದ್ರ ನಾ ಎಂದೋ ರಿಟೈರ್ ಆಗತಿದ್ದೆ” ಎಂದು ಚೇಷ್ಟೆ ಮಾಡುತ್ತಿದ್ದರು. ಗಿರಾಕಿಗಳು ಯಾರು ಈಕೆ ಎಂದು ಕೇಳಿದರೆ, “ನನ್ನ ಎರಡನೇ ಮಗಳರಿ” ಎನ್ನುತ್ತಿದ್ದರು. ಆ ಮಾತಿಗೆ ನಾನು ಎಷ್ಟು ಹಿಗ್ಗುತ್ತಿದ್ದೆನೋ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಎ.ಸಿ. ಹಾಕಿದರೆ ಗಾಡಿ ನಿಂತಲ್ಲೇ ನಡುಗುತ್ತದೆ ಎಂದು ಬರುವವರು ಬೇಸಿಗೆಯಲ್ಲಿ ದಿನಕ್ಕೊಬ್ಬರಾದರೂ ಇರುತ್ತಿದ್ದರು. ಒಮ್ಮೆ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಸಾಹೇಬರೊಬ್ಬರು, ಬೇರೆ ಕಡೆ ಹೇಳಿದ್ದಾರೆ, ಕಂಪ್ರೆಸರ್ ಬದಲಿಸಿಬಿಡಿ ಎಂದರು. ಕಾಕಾ ಅರ್ಧ ತಾಸು ಹುಡುಕಿ, ಇಂಜಿನ್ನಿನ ಹಿಂದೆ ಸೀಳಿಕೊಂಡು ಗಾಳಿ ಎಳೆಯುತ್ತಿದ್ದ ಒಂದು ರಬ್ಬರ್ ನಳಿಕೆ ತೋರಿಸಿದರು. ಸೀಳಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದರು. ನಡುಕ ನಿಂತಿತು. “ಕಂಪ್ರೆಸರ್ ಚೊಲೋ ಅದರಿ ಸಾಹೇಬ. ಮನಿಗೆ ನಡೀರಿ.” ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಹೆಂಗಸಲ್ಲ ನಾನು. ಆದರೆ ಅವತ್ತು ಅವರನ್ನು ಪೂರ್ತಿ ನಂಬಿಬಿಟ್ಟೆ.

“ಎ.ಸಿ. ಅಂದ್ರ ಇಂಜಿನ್ ತಲಿ ಮ್ಯಾಲಿನ ಹೊರಿ ಇದ್ದಂಗ. ಖಾಲಿ ನಿಂತಾಗ ಎಲ್ಲಾರೂ ಶಾಣ್ಯಾರೇ. ಹೊರಿ ಇಟ್ಟ ನೋಡಬೇಕು” ಎಂದು ಪಾಠ ಶುರುಮಾಡುತ್ತಿದ್ದರು. ಎ.ಸಿ. ಹಾಕಿ, ಕೈಗೆ ಒಣ ಬಟ್ಟೆ ಸುತ್ತಿಕೊಂಡು, ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಬೇಕು. ಕಿತ್ತಾಗ ಇಂಜಿನ್ ತಡವರಿಸಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದು ಅರ್ಥ. “ಯಾವ ವೈರ್ ಕಿತ್ತರೂ ಫರಕ ಬೀಳಂಗಿಲ್ಲೋ, ಅಂವಾ ಕಾಮಚೋರ, ಕೆಲಸಗಳ್ಳ.”

ಅವ್ವನಿಗೆ ದಮ್ಮು ಹೆಚ್ಚಾಯಿತು. ವಾರಕ್ಕೊಮ್ಮೆ ಸೊಲ್ಲಾಪುರದ ಆಸ್ಪತ್ರೆಗೆ ಬರಬೇಕು, ಧೂಳು ಮತ್ತು ಬಿಸಿಗಾಳಿ ತಾಗಬಾರದು ಎಂದರು ಡಾಕ್ಟರು. ತೆರೆದ ಜೀಪಿನಲ್ಲಿ ಅದು ಆಗದ ಮಾತು. ಗಾಜು ಏರಿಸಿ ಎ.ಸಿ. ಹಾಕಿಕೊಂಡು ಹೋಗುವಂಥ ಹಳೆಯ ಕಾರು ಒಂದು ಬೇಕು, ಅವ್ವನಿಗಾಗಿ, ಎಂದು ಕಾಕಾಗೆ ಹೇಳಿದೆ. ಎಂಟೇ ದಿನದಲ್ಲಿ ಒಂದು ಬಿಳಿ ಕಾರು ತಂದು ನಿಲ್ಲಿಸಿದರು. ಎ.ಸಿ. ಹಾಕಿ ನನ್ನ ಅಂಗೈಯನ್ನು ಬಾನೆಟ್ಟಿನ ಮೇಲೆ ಇಡಿಸಿದರು. ನಡುಕವೇ ಇಲ್ಲ.

ನಾನು ಬಾನೆಟ್ಟು ತೆಗೆಯಲು ಹೋದಾಗ ಅವರು ಅಂಗಿಯ ಜೇಬಿನಿಂದ ಸಣ್ಣ ಗಂಟು ಬಿಚ್ಚಿ, ಬೀರಪ್ಪನ ಭಂಡಾರ ತೆಗೆದು ಬಾನೆಟ್ಟಿಗೆ ಹಚ್ಚಿದರು. “ಕಣ್ಣ ಮುಚ್ಚಿ ತಗೋರಿ ಬಾಯಾರ. ಗಾಡಿ ಚೊಲೋ ಅದ.” ಕುರಿ ಕಾಯುವ ಮನೆತನದವರು ಅವರು, ನಾವೂ ಅದೇ. ಆ ಅರಿಸಿನ ಪುಡಿ ಕೈಯಲ್ಲಿದ್ದಾಗ ನಮ್ಮಲ್ಲಿ ಯಾರೂ ಸುಳ್ಳಾಡುವುದಿಲ್ಲ. ಭಂಡಾರ ಹಚ್ಚಿದ ಮೇಲೂ ವೈರು ಕಿತ್ತು ನೋಡಿದರೆ ದೇವರನ್ನೇ ಪರೀಕ್ಷೆ ಮಾಡಿದಂತೆ. ನಾನು ಕೈ ಹಿಂದೆ ತೆಗೆದುಕೊಂಡೆ.

ಎರಡು ತಿಂಗಳು ಸುಖವಾಗಿ ಓಡಿತು. ಆಮೇಲೆ ಅಕ್ಕಲಕೋಟೆಯಲ್ಲಿ ಆಯಿಲ್ ಬದಲಿಸಿದ ಮಿಸ್ತ್ರಿಯೊಬ್ಬ, ಗಾಡಿ ನಿಂತಾಗಲೂ ಇಂಜಿನ್ ಹೆಚ್ಚು ಜೋರಾಗಿ ತಿರುಗುತ್ತಿದೆ, ಯಾರೋ ಅದರ ವೇಗದ ತಿರುಪು ಏರಿಸಿಟ್ಟಿದ್ದಾರೆ ಎಂದು ಅದನ್ನು ಸರಿಯಾದ ಮಟ್ಟಕ್ಕೆ ಇಳಿಸಿದ. ಅಂದಿನಿಂದ ಎ.ಸಿ. ಹಾಕಿದರೆ ಸ್ಟಿಯರಿಂಗ್ ಹಿಡಿದ ಕೈಯೇ ನಡುಗತೊಡಗಿತು. ಒಂದು ಗುರುವಾರ, ಬಿರುಬಿಸಿಲಲ್ಲಿ, ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಅಕ್ಕಲಕೋಟೆಯ ಯಾತ್ರಿಕರ ಗಾಡಿಗಳ ನಡುವೆ ಸಿಕ್ಕಿಕೊಂಡಾಗ ಇಂಜಿನ್ ಸತ್ತೇಹೋಯಿತು. ಅವ್ವನ ಎದೆ ಸಿಳ್ಳೆ ಹೊಡೆಯುತ್ತಿತ್ತು, ತುಟಿ ನೀಲಿಗಟ್ಟಿತ್ತು. ಔಷಧದ ಅಂಗಡಿಯವರು ಬಂದು ಅವಳನ್ನು ಎತ್ತಿಕೊಂಡು ಹೋಗಿ ಫ್ಯಾನಿನ ಕೆಳಗೆ ಮಲಗಿಸಿದರು. ಅವ್ವ ಉಳಿದದ್ದು ಅವರಿಂದ.

ಮರುದಿನ ಮನೆಯ ಮುಂದೆ ಬಾನೆಟ್ಟು ತೆಗೆದೆ. ಒಂದನೇ ವೈರು ಕಿತ್ತೆ, ತಡವರಿಸಿತು. ಎರಡನೆಯದಕ್ಕೂ ತಡವರಿಸಿತು. ಮೂರನೆಯದು ಕಿತ್ತರೆ ಏನೂ ಆಗಲಿಲ್ಲ. ಪ್ಲಗ್ಗು ಬದಲಿಸಿದೆ, ವೈರು ಬದಲಿಸಿದೆ, ಅದೇ ಕಥೆ. ಆ ಸಿಲಿಂಡರು ಒಳಗೇ ಸವೆದುಹೋಗಿತ್ತು. ಅಂಗೈ ಇಟ್ಟು ರೋಗ ಹೇಳುವವರಿಗೆ ಇದು ಗೊತ್ತಾಗದೇ ಇರಲು ಸಾಧ್ಯವಿಲ್ಲ. ಗೊತ್ತಿದ್ದೇ ತಿರುಪು ಏರಿಸಿ ನಡುಕ ಮುಚ್ಚಿದ್ದರು.

ಎ.ಸಿ. ಹಾಕದೆ, ಬೆವರಿಳಿಸಿಕೊಂಡು ಗ್ಯಾರೇಜಿಗೆ ಹೋದೆ. ಗುರುವಿಗೇ ತಿರುಮಂತ್ರ ಎನ್ನುತ್ತಾರಲ್ಲ, ಹಾಗೆ ಹೇಳಿದೆ: “ಕಾಕಾ, ಒಂದು ಸಿಲಿಂಡರ್ ದುಡಿಯಾಕತ್ತಿಲ್ಲ.”

“ಯಾವುದು?”

“ಮೂರನೇದು.”

“ಪ್ಲಗ್ ಬದಲಿ ಮಾಡಿ ನೋಡಿದ್ರೇನು?”

“ನೋಡೀನಿ. ವೈರೂ ಬದಲಿ ಮಾಡೀನಿ.”

“ಬರೋಬರಿ” ಎಂದರು. ಅವರ ಮುಖದಲ್ಲಿ ಖುಷಿಯಿತ್ತು, ದೇವರಾಣೆಗೂ ಇತ್ತು. ಪಾಠ ಒಪ್ಪಿಸಿದ ಮಕ್ಕಳನ್ನು ನಾನು ನೋಡುವ ಹಾಗೆ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

“ಗೊತ್ತಿತ್ತೇನು ನಿಮಗ?”

“ಗೊತ್ತಿತ್ತು.” ಕೈ ಒರೆಸಿಕೊಳ್ಳುತ್ತ ಹೇಳಿದರು, “ಬೋರಾಮಣಿ ಊರಾಗಿನ ನನ್ನ ಅಳಿಯಂದು ಗಾಡಿ. ಮಾರಿ ಕೊಡಲಿಲ್ಲಂದ್ರ ಮಗಳ್ನ ತವರಿಗಿ ಕಳಸ್ತೀನಿ ಅಂತ ಹಟ ಹಿಡದಿದ್ದ.”

“ನಾನೂ ಮಗಳು ಅಂತಿದ್ರಿ.”

“ನೀವು ಮಗಳಿದ್ದಂಗ ಖರೇರಿ, ಬಾಯಾರ. ಅಕಿ ಮಗಳು.”

“ಮತ್ತ ಭಂಡಾರ ಯಾಕ ಹಚ್ಚಿದ್ರಿ?”

“ಹಚ್ಚಿರಲಿಲ್ಲಂದ್ರ ನೀವು ವೈರ್ ಕೀಳತಿದ್ರಿ.”

ಗಾಡಿ ಬಿಟ್ಟು ಹೋಗ್ರಿ, ಇಂಜಿನ್ ಬಿಚ್ಚಿ ಕಟ್ಟಿ ಕೊಡ್ತೀನಿ ಎಂದು ಹಿಂದೆಯೇ ಬಂದರು. ನಾನು ತಿರುಗಿ ನೋಡಲಿಲ್ಲ. ಅಕ್ಕಲಕೋಟೆಯಲ್ಲೇ ಕೆಲಸ ಮಾಡಿಸಿದೆ. ಅವರ ಫೋನು ಬಂದಾಗಲೆಲ್ಲ ಕತ್ತರಿಸಿದೆ. ಈಗಲೂ ಗಾಡಿ ಕೊಂಚ ಕೆಮ್ಮಿದರೂ ರೋಗ ಹುಡುಕುವವಳು ನಾನೇ, ಯಾರ ಮಾತನ್ನೂ ನಂಬುವುದಿಲ್ಲ. ಆ ವಿದ್ಯೆಯೂ ಅವರದೇ, ಈ ಅಪನಂಬಿಕೆಯೂ ಅವರದೇ.

ಎರಡು ವರ್ಷದ ಮೇಲೆ ಕಾಕಾ ತೀರಿಕೊಂಡರೆಂದು ಸುದ್ದಿ ಬಂತು. “ಮಣ್ಣಿಗಿ ಹೋಗೂಣು ನಡಿ” ಎಂದಳು ಅವ್ವ. ನಾನೂ ಬರುವುದಿಲ್ಲ, ಗಾಡಿಯನ್ನೂ ತೆಗೆಯುವುದಿಲ್ಲ ಎಂದೆ. ಅವ್ವ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಎಸ್.ಟಿ. ಬಸ್ಸು ಹತ್ತಿದಳು. ಸಂಜೆ ಮರಳಿದಾಗ ಹೊಸ್ತಿಲಲ್ಲೇ ಕುಸಿದು ಕುಳಿತಳು. ಔಷಧದ ಪಂಪು ಬಾಯಿಗೆ ಹಿಡಿದು ಬೆನ್ನು ನೀವುತ್ತ ಕುಳಿತೆ. ಅವಳ ಉಸಿರಿಗಾಗಿ ಕಾಕಾ ಮೇಲೆ ಹಲ್ಲು ಕಡಿದವಳು, ನನ್ನ ಸಿಟ್ಟಿಗಾಗಿ ಅವಳನ್ನೇ ಆ ಧೂಳಿಗೆ ಕಳಿಸಿದ್ದೆ.

ಉಸಿರು ಹದಕ್ಕೆ ಬಂದ ಮೇಲೆ ಅವ್ವ ಹೇಳಿದಳು, “ಮಗಳು ಅಲ್ಲೇ ಇದ್ಲು. ಅಳಿಯ ಮುಖಾ ತೋರಿಸಿಲ್ಲ. ಗಾಡಿ ಮಾರಿದ ವರ್ಷನ ಬಿಟ್ಟಾನಂತ ಅಕೀನ.”

ನಾನು ಒಳಗೆ ಹೋಗಿ ಅತ್ತೆ. ಕ್ಷಮಿಸಲು ಅಂದೂ ಆಗಲಿಲ್ಲ. ಆದರೆ ದೇವರ ಭಂಡಾರವನ್ನೂ ನನ್ನನ್ನೂ ಕಳೆದುಕೊಂಡು ಆ ಮನುಷ್ಯ ಉಳಿಸಹೊರಟ ಮಗಳ ಸಂಸಾರ ಅವರಿಗೆ ದಕ್ಕಿರಲಿಲ್ಲ.