ಅಣ್ಣನ ಡ್ರಿಪ್ಪು ನಿಂತದ್ದು

ನನಗೆ ಸಿಟ್ಟು ಬರುವುದು ಹೊಸದೇನಲ್ಲ. ಹುಣಸೂರಿನಲ್ಲಿ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರನ್ನು ಕೇಳಿ ನೋಡಿ, ಅಳತೆಯ ರವಿಕೆ ಮರೆತು ಬಂದರೂ ಬೈಯುತ್ತಾಳೆ ಅಂತಾರೆ. ಅದು ಬರೀ ಬಾಯಿ ಸಿಟ್ಟು, ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಇಳಿಯುತ್ತದೆ. ಅಣ್ಣನ ವಿಷಯದಲ್ಲಿ ಬಂದದ್ದು ಇಳಿದಿಲ್ಲ. ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಂಡೇ ಕೂತಿದ್ದೇನೆ.

ಅಣ್ಣ ಬೆಟ್ಟದಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವವನು. ಮೂತ್ರದಲ್ಲಿ ರಕ್ತ ಕಂಡಾಗ ಉಷ್ಣ ಅಂದುಕೊಂಡು ಎಳನೀರು ಕುಡಿದುಕೊಂಡು ಓಡಾಡಿದ. ಒಂದು ಕಿಡ್ನಿ ತೆಗೆಯುವಷ್ಟರಲ್ಲಿ ಅದರ ಕ್ಯಾನ್ಸರ್ ಶ್ವಾಸಕೋಶಕ್ಕೂ ಹೋಗಿ ಕೂತಿತ್ತು. ಆಗ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು ನಮ್ಮನ್ನು ಎದುರಿಗೆ ಕೂರಿಸಿಕೊಂಡು ಒಂದು ಪ್ರಯೋಗದ ವಿಷಯ ಹೇಳಿದರು. ಎರಡು ಔಷಧಿ. ಒಂದನ್ನು ಕೆಲವು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುತ್ತಾರೆ, ಅದು ಮೈಯೊಳಗಿನ ಕಾವಲಿನವರನ್ನು ಎಬ್ಬಿಸಿ ಕ್ಯಾನ್ಸರಿನ ಮೇಲೆ ಬಿಡುತ್ತದೆ. ಇನ್ನೊಂದು ದಿನಾ ನುಂಗುವ ಮಾತ್ರೆ, ಅದು ಗೆಡ್ಡೆಗೆ ಹೋಗುವ ರಕ್ತವನ್ನು ತಡೆಯುತ್ತದೆ. ಎರಡನ್ನೂ ಜೊತೆಯಲ್ಲಿ ಕೊಟ್ಟರೆ ಎಷ್ಟು ಉಪಕಾರ, ಎಷ್ಟು ಉಪದ್ರವ ಅಂತ ನೋಡುವುದೇ ಪ್ರಯೋಗ.

"ಎಬ್ಬಿಸಿದ ಕಾವಲಿನವರು ಕೆಲವು ಸಲ ಮನೆಯವರ ಮೇಲೇ ತಿರುಗಿ ಬೀಳ್ತಾರೆ. ಲಿವರ್ ಮೇಲೆ, ಕರುಳಿನ ಮೇಲೆ, ಎಲ್ಲಿ ಬೇಕಾದರೂ. ಏನೇ ಆದರೂ ತಕ್ಷಣ ಫೋನ್ ಮಾಡಿ," ಅಂದರು ಡಾಕ್ಟರು. ಒಂದು ಕಾರ್ಡು ಕೊಟ್ಟರು, ಅದರಲ್ಲಿ ಫೋನ್ ನಂಬರಿತ್ತು. ಅದನ್ನು ಸದಾ ಜೇಬಿನಲ್ಲಿಟ್ಟುಕೊಳ್ಳಿ ಅಂದರು.

ಡಾಕ್ಟರು ಒಳ್ಳೆಯವರೇ, ಅವರ ಮೇಲೂ ನನಗೆ ಸಿಟ್ಟಿದೆ. ಲಿವರ್ ಅಂದರೆ ನಮ್ಮೂರಲ್ಲಿ ಮಟನ್ ಅಂಗಡಿಯಲ್ಲಿ ಕೇಳುವ ಮಾತು. ಕಣ್ಣು ಹಳದಿಯಾದರೆ ಅದು ಕಾಮಾಲೆ, ಕಾಮಾಲೆಗೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ನಾಟಿ ಔಷಧಿ ಕೊಡುವವರ ಹತ್ತಿರ ಹೋಗುತ್ತಾರೆ. ಇಷ್ಟು ವರ್ಷ ಮೈಸೂರಿನಲ್ಲಿ ಕೂತು ನಮ್ಮ ಕಡೆಯ ಜನವನ್ನು ನೋಡುತ್ತಿರುವ ಡಾಕ್ಟರಿಗೆ ಇದು ಗೊತ್ತಿರಬೇಡವೇ? 'ಕಣ್ಣು ಹಳದಿಯಾದರೆ ನಾಟಿ ಔಷಧಿಗೆ ಹೋಗಬೇಡಿ, ನನಗೆ ಫೋನ್ ಮಾಡಿ' ಅಂತ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಇನ್ನು ಆ ಕಾರ್ಡಿನ ಕಥೆ. ಮನೆಗೆ ಬಂದ ಕೂಡಲೇ ಅತ್ತಿಗೆ ಅದನ್ನು ಅಣ್ಣನ ಜೇಬಿನಿಂದ ತೆಗೆದು, ಕುಂಕುಮ ಇಟ್ಟು, ದೇವರ ಪಟದ ಹಿಂದೆ ಸಿಕ್ಕಿಸಿದಳು. ಮಕ್ಕಳ ಜಾತಕ, ಜಮೀನಿನ ಪಹಣಿ, ಮನೆಯ ಬೆಲೆಬಾಳುವ ಕಾಗದವೆಲ್ಲ ಇರುವುದು ಅಲ್ಲಿಯೇ. ನಾನು ಕೇಳಿದ್ದಕ್ಕೆ, "ಜೇಬಲ್ಲಿದ್ರೆ ಬೆವ್ರಿಗೆ ನೆಂದೋಯ್ತದೆ ಕಣವ್ವ, ಅಲ್ಲಿದ್ರೆ ದೇವ್ರು ಕಾಯ್ತಾನೆ," ಅಂದಳು. ದೇವರೇನು ಫೋನ್ ಮಾಡುತ್ತಾನಾ ಅಂದೆ. ಅತ್ತಿಗೆ ಮುಖ ಊದಿಸಿಕೊಂಡು ಒಳಗೆ ಹೋದಳು.

ಮೊದಲನೇ ಸ್ಕ್ಯಾನ್ ಬಂದಾಗ ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಶ್ವಾಸಕೋಶದಲ್ಲಿದ್ದ ಗಂಟುಗಳು ಸಣ್ಣಗಾಗಿದ್ದವು. ಅಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ವಾಪಸು ಬರುವಾಗ ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದ ಕಂಡಕ್ಟರಿಗೂ, "ಕರಗ್ತಾ ಅದೆ ಕಣ್ರೀ," ಅಂದ. ಏನು ಕರಗುತ್ತಿದೆ ಅಂತ ಪಾಪ ಕಂಡಕ್ಟರಿಗೆ ಗೊತ್ತಾಗಲಿಲ್ಲ. ಒಳ್ಳೇದಾಯ್ತು ಬುಡಿ ಅಂದು ಮುಂದಿನ ಸೀಟಿಗೆ ಹೋದ.

ಆವತ್ತಿನಿಂದ ಅಣ್ಣನಿಗೆ ಒಂದೇ ಭಯ, ಪ್ರಯೋಗದಿಂದ ತನ್ನನ್ನು ಎಲ್ಲಿ ತೆಗೆದುಬಿಡುತ್ತಾರೋ ಅಂತ. ಮಾತ್ರೆಯ ದೆಸೆಯಿಂದ ಅಂಗೈ, ಅಂಗಾಲಿನ ಚರ್ಮ ಸುಲಿದು ಬರುತ್ತಿತ್ತು, ಹುಬ್ಬು ಬೆಳ್ಳಗಾಗಿತ್ತು. ಡಾಕ್ಟರು ಹೇಗಿದ್ದೀರಿ ಅಂದರೆ ಕೈಯನ್ನು ತೊಡೆಯ ಕೆಳಗೆ ಸೇರಿಸಿ, "ಚೆನ್ನಾಗಿವ್ನಿ ಸಾರ್," ಅನ್ನುತ್ತಿದ್ದ. ನಾನು ಆ ಕೈಯನ್ನು ಎಳೆದು ತೋರಿಸುತ್ತಿದ್ದೆ. ಹೊರಗೆ ಬಂದ ಮೇಲೆ ನನಗೇ ಬೈಗುಳ.

"ನಿಂಗ್ಯಾಕಮ್ಮಿ ಊರ ಉಸಾಬರಿ. ಏಳುದ್ರೆ ತೆಗ್ದಾಕ್ತಾರೆ."

"ಹೇಳದೆ ಇದ್ರೆ ಸಾಯ್ತೀಯ ಕಣಣ್ಣ."

ಹೊಗೆಸೊಪ್ಪು ಬೇಯಿಸುವ ಕಾಲ ಬಂತು. ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದರೆ ಸೊಪ್ಪು ಹದಕ್ಕೆ ಬರುವ ತನಕ ಶಾಖ ಏರುಪೇರಾಗುವ ಹಾಗಿಲ್ಲ, ಯಾರಾದರೂ ಒಲೆಯ ಮುಂದೆ ಇರಲೇಬೇಕು. ಸುಲಿದ ಕೈಯಲ್ಲಿ ಸೌದೆ ಹಾಕಬೇಡ ಅಂದರೆ ಅಣ್ಣ ಕೇಳಲಿಲ್ಲ. ಆ ಹೊಗೆಯಲ್ಲಿ ಕಣ್ಣು ಕೆಂಪಾಗುವುದು ಮಾಮೂಲಿ, ಹಳದಿಯಾದದ್ದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಅಂತರಸಂತೆಯಿಂದ ಬಂದಿದ್ದ ನಮ್ಮ ಚಿಕ್ಕಮ್ಮ. ಅವ್ವ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳೇ. ಅಣ್ಣ ಅಂದರೆ ಅವಳಿಗೆ ಪ್ರಾಣ. ಅವನ ರೆಪ್ಪೆ ಎಳೆದು ನೋಡಿ, "ಇದು ಕಾಮಾಲೆ ಕಣ್ಮಗ, ನಡಿ," ಅಂತ ಬೆಳಿಗ್ಗೆಯ ಬಸ್ಸಿಗೆ ತನ್ನೂರಿನ ಕಡೆಗೆ ಕರೆದುಕೊಂಡು ಹೋದಳು. ಅಲ್ಲಿ ನಾಟಿ ಔಷಧಿಯವರು ಅರೆದ ಸೊಪ್ಪನ್ನು ಹಾಲಿನಲ್ಲಿ ಕದಡಿ ಕುಡಿಸಿ, ದಿನಾ ತೆಗೆದುಕೊಳ್ಳಲು ಕಟ್ಟಿಕೊಟ್ಟು, ಪಥ್ಯ ಹೇಳಿದರು. ಉಪ್ಪಿಲ್ಲ, ಎಣ್ಣೆ ಇಲ್ಲ, ಇಂಗ್ಲಿಷ್ ಮಾತ್ರೆ ಮುಟ್ಟುವ ಹಾಗೇ ಇಲ್ಲ.

ಇಷ್ಟೆಲ್ಲ ಆದರೂ ನನಗೆ ಒಂದು ಫೋನ್ ಇಲ್ಲ. ಅತ್ತಿಗೆಯನ್ನು ಆಮೇಲೆ ಕೇಳಿದರೆ, "ನೀನು ಕೂಗಾಡ್ತೀಯ ಅಂತ," ಅಂದಳು. ನೋಡಿ, ನನ್ನ ಬಾಯಿಗೆ ಹೆದರಿ ಒಬ್ಬ ಮನುಷ್ಯನ ಜೀವದ ವಿಷಯವನ್ನೇ ಮುಚ್ಚಿಟ್ಟರು.

ನನಗೆ ಗೊತ್ತಾದದ್ದು ಭಾನುವಾರ ಅಂಗಡಿ ಮುಚ್ಚಿ ಊರಿಗೆ ಹೋದಾಗ. ಅಣ್ಣ ಬ್ಯಾರನ್ನಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಬೆನ್ನ ಹಿಂದೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಅಂಗಿ ಜೇಬಿನಿಂದ ಪ್ರಯೋಗದ ಡಬ್ಬಿ ತೆಗೆದ, ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡ, ಒಲೆಯೊಳಕ್ಕೆ ಎಸೆದ. ಮುಚ್ಚಳ ತಿರುಗಿಸಿ ಮತ್ತೆ ಜೇಬಿಗಿಟ್ಟ.

"ಏನಣ್ಣ ಅದು?"

ತಿರುಗಿ ನೋಡಿದ. ಕಣ್ಣು ಅರಿಶಿನ ಹಚ್ಚಿದ ಹಾಗಿತ್ತು. "ಪಥ್ಯ ಕಣಮ್ಮಿ. ಮಾತ್ರೆ ನುಂಗಂಗಿಲ್ಲ. ಡಬ್ಬಿಲಿ ಉಳುದ್ರೆ ಆಸ್ಪತ್ರೆಲಿ ನರ್ಸಮ್ಮ ಎಣಿಸ್ತಾಳೆ. ಲೆಕ್ಕ ತಪ್ಪುದ್ರೆ ತೆಗ್ದಾಕ್ತಾರೆ."

ನಾನು ಆವತ್ತು ಆಡಿದ ಮಾತುಗಳನ್ನು ಬರೆಯುವುದಿಲ್ಲ. ಅಕ್ಕಪಕ್ಕದ ಬ್ಯಾರನ್ನಿನವರೂ ಎದ್ದು ಬಂದರು. ಜಗತ್ತಿನಲ್ಲಿ ಯಾರಿಗಾದರೂ ಈ ಬುದ್ಧಿ ಹೊಳೆಯುತ್ತದೆಯೇ? ಜೀವ ಉಳಿಸುವ ಮಾತ್ರೆಯನ್ನು ದಿನಕ್ಕೊಂದರಂತೆ ನಿಯತ್ತಾಗಿ ಹೊಗೆಸೊಪ್ಪಿನ ಒಲೆಗೆ ಹಾಕುವುದು, ಯಾಕೆ ಅಂದರೆ ಮಾತ್ರೆಯ ಪ್ರಯೋಗದಿಂದ ತನ್ನನ್ನು ತೆಗೆಯಬಾರದು ಅಂತ!

ದೇವರ ಪಟದ ಹಿಂದಿನಿಂದ ಕಾರ್ಡು ಎಳೆದು ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ ಅಂದರು. ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಆಸ್ಪತ್ರೆಯಲ್ಲಿ ಅಣ್ಣ ನನ್ನ ಕೈ ಹಿಸುಕುತ್ತಲೇ ಇದ್ದ, ಸುಮ್ಮನಿರು ಅಂತ. ನಾನು ನಾಟಿ ಔಷಧಿ, ಪಥ್ಯ, ಒಲೆ, ಎಲ್ಲವನ್ನೂ ಹೇಳಿದೆ. ರಕ್ತದ ರಿಪೋರ್ಟು ನೋಡಿ ಡಾಕ್ಟರ ಮುಖ ಗಂಭೀರವಾಯಿತು.

"ಯಾವುದು ಮೊದಲು? ಕಣ್ಣು ಹಳದಿಯಾದದ್ದೋ, ನಾಟಿ ಔಷಧಿ ಕುಡಿದದ್ದೋ?"

"ಕಣ್ಣು ಹಳದಿಯಾದದ್ದು," ಅಂದೆ.

ಹಾಗಾದರೆ ಬಹುಮಟ್ಟಿಗೆ ಇದು ಡ್ರಿಪ್ಪಿನಿಂದಲೇ ಆದದ್ದು, ಕಾವಲಿನವರು ಲಿವರಿನ ಮೇಲೆ ಬಿದ್ದಿದ್ದಾರೆ ಅಂದರು. ಮೊದಲೇ ಬಂದಿದ್ದರೆ ಇಷ್ಟು ಏರುವ ಮುಂಚೆ ತಡೆಯಬಹುದಿತ್ತು, ಡ್ರಿಪ್ಪನ್ನು ಮುಂದುವರಿಸಲೂ ಬಹುದಿತ್ತೇನೋ. ಈಗ ಸ್ಟೀರಾಯ್ಡ್ ಕೊಟ್ಟು ಇಳಿಸಬೇಕು. ಲಿವರ್ ಸರಿಹೋದ ಮೇಲೆ ಮಾತ್ರೆ ಮತ್ತೆ ಶುರು ಮಾಡಬಹುದು, ಡ್ರಿಪ್ಪು ಮಾತ್ರ ಇನ್ನು ಬೇಡ. ಅಣ್ಣ ನನ್ನ ಕೈ ಬಿಟ್ಟ.

ಹಳದಿ ಇಳಿಯಿತು. ಇಳಿಸಿದ್ದು ಸ್ಟೀರಾಯ್ಡು, ಹೆಸರು ಬಂದದ್ದು ನಾಟಿ ಸೊಪ್ಪಿಗೆ. ಬ್ರೆಡ್ಡು ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದವರಿಗೆಲ್ಲ ಚಿಕ್ಕಮ್ಮ ಅಂತರಸಂತೆಯ ದಾರಿ ಹೇಳಿಕೊಡುತ್ತಿದ್ದಳು. ನಾನು ನಿಜ ಹೇಳಹೋದರೆ, "ಬುಡವ್ವ, ಯಾವುದ್ರಿಂದಾದ್ರೂ ವಾಸಿಯಾಯ್ತಲ್ಲ," ಅನ್ನುತ್ತಿದ್ದರು. ಅಣ್ಣ ಗೋಡೆಗೆ ಒರಗಿಕೊಂಡು ಸುಮ್ಮನೆ ಕೂತಿರುತ್ತಿದ್ದ. ನನ್ನ ಜೊತೆ ಮಾತು ಬಿಟ್ಟಿದ್ದ.

ಮುಂದಿನ ಡ್ರಿಪ್ಪಿಗೆ ಅಂತ ಮುಂಚೆ ಗೊತ್ತು ಮಾಡಿದ್ದ ದಿನ ಅವನೇ ಫೋನ್ ಮಾಡಿದ. "ಬಸ್ ಸ್ಟ್ಯಾಂಡಿಗೆ ಬಾ. ಮೈಸೂರಿಗೆ ಓಗವ." ರಕ್ತ ಪರೀಕ್ಷೆಗೆ ಇರಬೇಕು ಅಂದುಕೊಂಡು ಹುಣಸೂರಿನಲ್ಲಿ ಬಸ್ಸು ಹತ್ತಿದೆ. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಪಕ್ಕದಲ್ಲಿ ಚಿಕ್ಕಮ್ಮ, ನನಗೆ ಅಂತ ಸೀಟಿಗೆ ಟವೆಲ್ ಹಾಸಿಟ್ಟಿದ್ದಳು. ಬಸ್ಸು ಊರು ದಾಟಿದ ಮೇಲೆ ಅವಳೇ ಬಾಯಿ ಬಿಟ್ಟಳು.

"ನಾನೇ ಡಾಕ್ಟ್ರಿಗೆ ಏಳ್ತೀನಿ ಕಣವ್ವ. ಮೊದ್ಲಿಂದ್ಲೂ ನಾನು ಕದ್ದು ಮುಚ್ಚಿ ಸೊಪ್ಪು ಕುಡಿಸ್ತಿದ್ದೆ, ನನ್ ಸೊಪ್ಪಿಂದ್ಲೇ ಕಣ್ಣು ಅಳದಿ ಆಯ್ತು ಅಂತ. ಆಗ ಡ್ರಿಪ್ಪಿನ ಮೇಲೆ ತಪ್ಪು ಬರಲ್ಲ. ಮತ್ತೆ ಆಕ್ತಾರೆ."

"ನೀನು ಊಂ ಅನ್ನು ಸಾಕು," ಅಂದ ಅಣ್ಣ. "ಕರಗ್ತಾ ಇತ್ತು ಕಣಮ್ಮಿ. ನೀನೂ ನೋಡ್ದಲ್ಲ."

ನಾನು ಕಿಟಕಿಯ ಕಡೆ ತಿರುಗಿದೆ. ಊರಿಗೆಲ್ಲ ತನ್ನ ಸೊಪ್ಪೇ ಗುಣ ಮಾಡಿತು ಅಂತ ಬೀಗುತ್ತಿದ್ದ ಮುದುಕಿ ಈಗ ಅದೇ ಸೊಪ್ಪಿನ ಮೇಲೆ ಅಪವಾದ ಹೊರಿಸಲು ಹೊರಟಿದ್ದಾಳೆ. ಇಂಥವಳನ್ನು ಏನಂತ ಬೈಯಲಿ? ಬೈಯಲಾಗದ್ದಕ್ಕೂ ಮೈಯೆಲ್ಲ ಉರಿಯಿತು.

ಡಾಕ್ಟರ ಎದುರಿಗೆ ಚಿಕ್ಕಮ್ಮ ಎರಡೂ ಕೈ ಮುಗಿದುಕೊಂಡು ಪಾಠ ಒಪ್ಪಿಸಿದಳು. ಚೆನ್ನಾಗಿಯೇ ಸುಳ್ಳು ಹೇಳಿದಳು, ಕಣ್ಣಲ್ಲಿ ನೀರೂ ಬಂತು. ಅಣ್ಣ ಅಷ್ಟರಲ್ಲಿ ಬಲತೋಳಿನ ಗುಂಡಿ ಬಿಚ್ಚಿ, ಅಂಗಿಯನ್ನು ಮೊಣಕೈ ಮೇಲಕ್ಕೆ ಮಡಚಿ, ಸೂಜಿ ಚುಚ್ಚಿಸಿಕೊಳ್ಳಲು ಕೈಯನ್ನು ಮೇಜಿನ ಮೇಲೆ ಇಟ್ಟಿದ್ದ. ಡಾಕ್ಟರು ನನ್ನ ಕಡೆ ನೋಡಿದರು.

"ಇದು ನಿಜವೇನಮ್ಮ? ನಾಟಿ ಔಷಧಿ ಮೊದಲಿನಿಂದಲೂ ನಡೀತಿತ್ತಾ?"

"ಒಂದು ವೇಳೆ ಡ್ರಿಪ್ಪಿನಿಂದಲೇ ಆಗಿದ್ದು, ಈಗ ಮತ್ತೆ ಕೊಟ್ಟರೆ ಏನಾಗುತ್ತೆ ಸಾರ್?" ಅಂತ ನಾನೇ ಕೇಳಿದೆ.

"ಈ ಸಲ ಲಿವರ್ ಉಳಿಯದೇ ಹೋಗಬಹುದು."

ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ಆಗ ಬೆಳ್ಳಗಿತ್ತು.

"ಚಿಕ್ಕಮ್ಮ ಸುಳ್ಳು ಹೇಳ್ತಿದ್ದಾಳೆ ಸಾರ್," ಅಂದೆ. "ಕಣ್ಣು ಹಳದಿಯಾದದ್ದೇ ಮೊದಲು."

ಅಣ್ಣ ಮಡಚಿದ ತೋಳನ್ನು ನಿಧಾನವಾಗಿ ಕೆಳಗೆ ಬಿಟ್ಟ. ಗುಂಡಿ ಹಾಕಲು ನೋಡಿದ, ಚರ್ಮ ಸುಲಿದು ಇನ್ನೂ ಮಾಯದ ಬೆರಳುಗಳಿಗೆ ಅದು ಸಿಕ್ಕಲಿಲ್ಲ. ದಿನವಿಡೀ ಗುಂಡಿ ಹೊಲಿಯುವವಳು ನಾನು, ಬಗ್ಗಿ ಕೈ ಚಾಚಿದೆ. ಅಣ್ಣ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಚಿಕ್ಕಮ್ಮನ ಕಡೆಗೆ ನೀಡಿದ.