ಮುಚ್ಚಳದ ಚೀಲ

ನಮ್ಮ ಪ್ಲೊವ್ದಿವ್ ಪಟ್ಟಣದ ಕಡೆಯ ಮೆಣಸಿನಕಾಯಿ ಚಟ್ನಿ ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುವ ಝಿವ್ಕಾಗೆ ಮೂಗಿನ ತುದಿಯಲ್ಲೇ ಕೋಪ. ಇರದೆ ಏನು? ಪ್ರತಿ ಬೇಸಿಗೆಯಲ್ಲೂ ಅವಳು ಮಾಲೀಕ ಕ್ರಾಸಿಮಿರನ ಮುಂದೆ ನಿಂತು, "ಒಂದು ಹಂಗಾಮಿಗಾಗೋಷ್ಟು ಜಾಡಿ ಮುಚ್ಚಳ ಮೊದ್ಲೇ ತರಿಸಿಟ್ಕೊಳ್ಳೋಣ ಯಜಮಾನ್ರೇ" ಅಂತ ಗೋಗರೆಯುತ್ತಿದ್ದಳು. ಅವನದು ಒಂದೇ ಮಾತು: "ಗೋದಾಮಲ್ಲಿ ದುಡ್ಡು ಕೊಳೆ ಹಾಕಕ್ಕೆ ನಂಗೇನ್ ಹುಚ್ಚಾ? ಮುಚ್ಚಳ ಕೊಡೋರು ಇಬ್ಬರಿದ್ದಾರಲ್ಲ, ಒಬ್ಬ ಕೈಕೊಟ್ರೆ ಇನ್ನೊಬ್ಬ."

ಈ ಸಲ ಸುಗ್ಗಿಯಲ್ಲಿ ಇಬ್ಬರೂ ಕೈಕೊಟ್ಟರು. ಇಬ್ಬರೂ ಮುಚ್ಚಳ ತರುತ್ತಿದ್ದದ್ದು ಒಂದೇ ಕಾರ್ಖಾನೆಯಿಂದ, ಅದು ಸುಟ್ಟುಹೋಗಿತ್ತು. ನಮ್ಮ ಅಂಗಳದಲ್ಲಿ ಲಾರಿಗಟ್ಟಲೆ ಕೆಂಪು ದಪ್ಪ ಮೆಣಸಿನಕಾಯಿ ಕೊಳೆತು ನೀರಾಯಿತು. "ಯಾರಿಗ್ ಗೊತ್ತಿತ್ತು? ಎಲ್ಲಾ ಗ್ರಹಚಾರ" ಅಂದು ಕ್ರಾಸಿಮಿರ್ ನಮ್ಮನ್ನೆಲ್ಲ ಸಂಬಳವಿಲ್ಲದೆ ಮನೆಗೆ ಅಟ್ಟಿದ.

ಝಿವ್ಕಾ ಜಗಳಕ್ಕೆಂದೇ ಅವನ ಮನೆಗೆ ಹೋದಳು. ನಾನೂ ಬೆನ್ನಿಗೇ ಹೋದೆ. ಹಿತ್ತಲಲ್ಲಿ ಅವನ ಹೆಂಡತಿ, ಊರಿನ ಎಲ್ಲ ಹೆಂಗಸರ ಹಾಗೆ, ಚಳಿಗಾಲಕ್ಕೆಂದು ಮೆಣಸಿನಕಾಯಿ ಸುಟ್ಟು ಜಾಡಿಗೆ ತುಂಬುತ್ತಿದ್ದಳು. ಪಕ್ಕದಲ್ಲಿ ಹೊಚ್ಚ ಹೊಸ ಮುಚ್ಚಳಗಳ ದೊಡ್ಡ ಚೀಲ.

"ಎಲ್ಲಿ ಸಿಕ್ತಮ್ಮಾ ಇಷ್ಟೊಂದು?" ಎಂದಳು ಝಿವ್ಕಾ.

"ಇವರೇ ಹೋದ ವರ್ಷ ತಂದಿಟ್ಟಿದ್ದು. ಬೇಕಾದಾಗ ಪೇಟೇಲಿ ಸಿಗದಿದ್ರೆ ಏನ್ಮಾಡ್ತೀಯ ಅಂತ."

ಅಷ್ಟರಲ್ಲಿ ಕ್ರಾಸಿಮಿರನೇ ಹೊರಗೆ ಬಂದ.

"ನಿಮ್ಮನೆ ಊಟಕ್ಕೆ ಇಷ್ಟು ಮುಂದಾಲೋಚನೆ. ನಮ್ಮ ಹೊಟ್ಟೆಗೆ ಮಾತ್ರ ಗ್ರಹಚಾರ, ಅಲ್ವಾ?" ಅಂದವಳೇ ಝಿವ್ಕಾ ಚೀಲ ಹೆಗಲಿಗೇರಿಸಿ ಹೊರಟಳು. ಅಷ್ಟು ಮುಚ್ಚಳದಿಂದ ಕಾರ್ಖಾನೆ ಒಂದು ಗಂಟೆಯೂ ನಡೆಯದೆಂದು ಅವಳಿಗೆ ಗೊತ್ತಿತ್ತು. ಆ ಮನೆಯಲ್ಲೂ ಮುಚ್ಚಳ ಇರಬಾರದು, ಅಷ್ಟೇ.